ಪದಚರ್ಚೆ: ‘ಸಮಾಲೋಚನೆ’ ಎಂದರೆ ಕೇಳುವುದೇ, ಒಪ್ಪಿಗೆ ಪಡೆಯುವುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಚಿತ್ರದುರ್ಗದಿಂದ ನಮಸ್ಕಾರಗಳು.

ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಕೆನಡಾ ದೇಶದ ಒಂದು ಮೊಕದ್ದಮೆಯನ್ನು ಕುರಿತ ಪಾಠವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕೆಲವು ಪದಗಳಲ್ಲಿ ನಿಂತುಹೋಗಿದ್ದೇನೆ. ಮೊದಲು ಸಂದರ್ಭವನ್ನು ಹೇಳುತ್ತೇನೆ, ಏಕೆಂದರೆ ಅದು ತಿಳಿಯದೆ ಪದವನ್ನು ತೂಗುವುದು ಕಷ್ಟ.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಪರ್ಸೆಲ್ ಪರ್ವತಗಳ ನಡುವೆ ಜಂಬೋ ಎಂಬ ಕಣಿವೆಯಿದೆ. ಅಲ್ಲಿ ವರ್ಷವಿಡೀ ಹಿಮದ ಮೇಲೆ ಜಾರುವ ಆಟಕ್ಕೆ ಅನುಕೂಲವಾಗುವಂತಹ ದೊಡ್ಡ ರೆಸಾರ್ಟ್ ಒಂದನ್ನು ಕಟ್ಟುವ ಪ್ರಸ್ತಾವ 1991ರಲ್ಲಿ ಬಂದಿತು. ಅಲ್ಲಿನ ಮೂಲಜನರಾದ ಕ್ಟುನಾಹರಿಗೆ ಆ ಜಾಗ ‘ಕಾತ್‌ಮುಕ್’. ಅವರು ಪೂಜ್ಯವೆಂದು ಭಾವಿಸುವ ಗ್ರಿಜ್ಲಿ ಕರಡಿಯ ಚೇತನ ನೆಲೆಸಿರುವ ತಾಣ. ಶಾಶ್ವತವಾದ ಕಟ್ಟಡಗಳು ಎದ್ದರೆ ಆ ಚೇತನ ಅಲ್ಲಿಂದ ಹೊರಟುಹೋಗುತ್ತದೆ ಎಂಬುದು ಅವರ ನಂಬಿಕೆ. ಸರ್ಕಾರ ಅವರೊಡನೆ ಹಲವು ವರ್ಷ ಮಾತುಕತೆ ನಡೆಸಿತು, ಯೋಜನೆಯ ವಿಸ್ತೀರ್ಣವನ್ನು ಕಡಿಮೆ ಮಾಡಿಸಿತು, ಕೊನೆಗೆ 2012ರಲ್ಲಿ ರೆಸಾರ್ಟ್ ಕಟ್ಟುವವರೊಡನೆ ಒಪ್ಪಂದಕ್ಕೆ ಸಹಿ ಹಾಕಿತು. ಕ್ಟುನಾಹರು ನ್ಯಾಯಾಲಯಕ್ಕೆ ಹೋದರು. 2017ರ ನವೆಂಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಅವರ ಮನವಿಯನ್ನು ತಳ್ಳಿಹಾಕಿತು. ಮೂಲಜನರ ಹಕ್ಕುಗಳನ್ನು ಮಾನ್ಯ ಮಾಡುವ, ಆ ದೇಶದ ಸಂವಿಧಾನದ 35ನೆಯ ವಿಧಿ ಒಂದು ಕ್ರಮದ ಭರವಸೆಯನ್ನು ಕೊಡುತ್ತದೆಯೇ ಹೊರತು ಇಂತಹುದೇ ಫಲ ಸಿಗಬೇಕೆಂಬ ಭರವಸೆಯನ್ನಲ್ಲ ಎಂಬುದು ತೀರ್ಪಿನ ಸಾರ.

ನನ್ನ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ತೀರ್ಪಿನ ಈ ಭಾಗ ನಿಂತಿರುವುದು ಇಂಗ್ಲಿಷಿನ ‘ಕನ್ಸಲ್ಟೇಶನ್’ ಮತ್ತು ‘ಕನ್ಸೆಂಟ್’ ಎಂಬ ಎರಡು ಪದಗಳ ನಡುವಿನ ಅಂತರದ ಮೇಲೆ. ಮೊದಲನೆಯದು ಸರ್ಕಾರದ ಕರ್ತವ್ಯವೆಂದು ಅದೇ ನ್ಯಾಯಾಲಯ 2004ರಲ್ಲಿ ಹೈದಾ ಎಂಬ ಇನ್ನೊಂದು ಮೂಲಜನರ ಪ್ರಕರಣದಲ್ಲಿ ಹೇಳಿತ್ತು. ಎರಡನೆಯದನ್ನು ಕ್ಟುನಾಹರು ಬೇಡಿದರು, ಸಿಗಲಿಲ್ಲ. ಕನ್ನಡದಲ್ಲಿ ಮೊದಲನೆಯದಕ್ಕೆ ‘ಸಮಾಲೋಚನೆ’ ಎಂದು ಬರೆದೊಡನೆ ಈ ಅಂತರ ಕಣ್ಮರೆಯಾಗುತ್ತದೆ. ಸಮಾಲೋಚನೆ ಎಂದರೆ ಇಬ್ಬರೂ ಸಮನಾಗಿ ಕುಳಿತು ವಿಷಯವನ್ನು ಎಲ್ಲ ಬದಿಯಿಂದ ನೋಡಿ, ಕೂಡಿ ಒಂದು ತೀರ್ಮಾನಕ್ಕೆ ಬರುವುದು ಎಂದು ಓದುಗರು ತಿಳಿಯುತ್ತಾರೆ. ನಾನು ತರಗತಿಯಲ್ಲಿ ಕರಡನ್ನು ಓದಿದಾಗ ಒಬ್ಬ ವಿದ್ಯಾರ್ಥಿನಿ, “ಸಮಾಲೋಚನೆ ಮಾಡಿದ ಮೇಲೂ ಅವರು ಯಾಕೆ ಕೋರ್ಟಿಗೆ ಹೋದರು ಸರ್?” ಎಂದು ಕೇಳಿದಳು. ತಪ್ಪು ಅವಳದಲ್ಲ, ನಾನು ಆರಿಸಿದ ಪದದ್ದು. ಇನ್ನೊಬ್ಬ ವಿದ್ಯಾರ್ಥಿಗೆ ಆ ಪದ ಕೇಳಿದೊಡನೆ ಆಸ್ಪತ್ರೆಯ ಆಪ್ತಸಮಾಲೋಚಕರು ನೆನಪಾದರು, ಅಂದರೆ ತಿಳಿದವರು ತಿಳಿಯದವರಿಗೆ ಬುದ್ಧಿ ಹೇಳುವುದು. ಮೂಲದ ಅರ್ಥಕ್ಕೆ ಇದು ಪೂರ್ತಿ ತಲೆಕೆಳಗು.

ಈ ಗೊಂದಲ ನಮ್ಮ ನ್ಯಾಯಾಲಯಗಳಿಗೂ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ನ್ಯಾಯಾಧೀಶರ ನೇಮಕದಲ್ಲಿ ರಾಷ್ಟ್ರಪತಿಗಳು ಮುಖ್ಯ ನ್ಯಾಯಮೂರ್ತಿಗಳೊಡನೆ ಮಾಡಬೇಕಾದ ‘ಕನ್ಸಲ್ಟೇಶನ್’ ಎಂದರೆ ಸಹಮತಿಯಲ್ಲ ಎಂದು 1981ರಲ್ಲಿ ಹೇಳಿದ ನಮ್ಮ ಸುಪ್ರೀಂ ಕೋರ್ಟ್, 1993ರಲ್ಲಿ ಅದೇ ಪದಕ್ಕೆ ಸಹಮತಿ ಎಂಬ ಅರ್ಥವನ್ನೇ ಕೊಟ್ಟಿತು. ಸಂವಿಧಾನದ ಅಕ್ಷರ ಬದಲಾಗಲಿಲ್ಲ, ಅರ್ಥ ಮಾತ್ರ ಆಚೆ ದಡಕ್ಕೆ ಹೋಯಿತು.

ಹಾಗಾದರೆ ಬೇರೆ ಪದ ಯಾವುದು? ಪರಿಸರ ಅನುಮತಿಯ ಕಾಗದಪತ್ರಗಳಲ್ಲಿ ‘ಸಾರ್ವಜನಿಕ ಅಹವಾಲು ಸಭೆ’, ‘ಸಾರ್ವಜನಿಕ ಆಲಿಕೆ ಸಭೆ’ ಎಂಬ ಎರಡು ಪ್ರಯೋಗಗಳಿವೆ. 2006ರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮುಂಚಿತವಾಗಿ ತಿಳಿಸಿ ನಡೆಸಬೇಕಾದ ಸಭೆ ಇದು. ‘ಅಹವಾಲು’ ನನಗೆ ಸರಿಬರುವುದಿಲ್ಲ. ಅಹವಾಲನ್ನು ಕೆಳಗಿನವರು ಮೇಲಿನವರಿಗೆ ಸಲ್ಲಿಸುತ್ತಾರೆ. ತನ್ನ ನೆಲದ ಬಗ್ಗೆ ಮಾತನಾಡುವವನನ್ನು ಅರ್ಜಿದಾರನನ್ನಾಗಿ ನಿಲ್ಲಿಸುವ ಪದ ಅದು. ‘ಆಲಿಕೆ’ ಚೆಲುವಾದ ಪದ, ಆದರೆ ಸರ್ಕಾರಿ ಪ್ರಕಟಣೆಯ ಹೊರಗೆ ಅದನ್ನು ಯಾರೂ ಆಡುವುದನ್ನು ನಾನು ಕೇಳಿಲ್ಲ.

ನಮ್ಮ ಆಡುಮಾತಿನಲ್ಲಿ ಇದಕ್ಕೆಲ್ಲ ಇರುವುದು ‘ಕೇಳು’ ಎಂಬ ಒಂದೇ ಧಾತು. ಅದರ ಅರ್ಥಗಳನ್ನು ಬಿಡಿಸಿ ನೋಡಿದಷ್ಟೂ ನನಗೆ ಬೆರಗಾಗುತ್ತದೆ. ಪ್ರಶ್ನಿಸುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ, ‘ಹೇಳಿದ ಮಾತು ಕೇಳು’ ಎನ್ನುವಾಗ ನಡೆದುಕೊಳ್ಳುವುದೂ ಕೇಳುವುದೇ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ 9,000 ಎಕರೆಗೂ ಹೆಚ್ಚು ಹುಲ್ಲುಗಾವಲು ಸಂಶೋಧನೆ ಮತ್ತು ಉದ್ದಿಮೆಯ ಉದ್ದೇಶಗಳಿಗೆ ಹಂಚಿಕೆಯಾಗಿ, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದು ಈ ಭಾಗದವರಿಗೆಲ್ಲ ಗೊತ್ತು. ಆ ಸೀಮೆಯ ಒಂದು ಹಟ್ಟಿಯಲ್ಲಿ, ದನ ಕುರಿ ಮೇಯಿಸಿಯೇ ಬಾಳು ಸವೆಸಿದ ಹಿರಿಯರೊಬ್ಬರು, ಬೇರೊಂದು ಯೋಜನೆಗಾಗಿ ನಡೆದ ಸಭೆಯನ್ನು ನೆನೆದು ನನಗೆ ಹೇಳಿದ ಮಾತಿದು: “ನಮ್ಮನ್ನ ಕೇಳಿದ್ರಪ್ಪ, ಕೇಳ್ಲಿಲ್ಲ ಅಂತ ಹೇಳಕಾಗಲ್ಲ. ನಮ್ ಮಾತು ಕೇಳ್ಲಿಲ್ಲ, ಅಷ್ಟೇ.” ಕೆನಡಾದ ತೀರ್ಪು ಪುಟಗಟ್ಟಲೆ ವಿವರಿಸಿದ ಅಂತರವನ್ನು ಅವರು ಒಂದೇ ಕ್ರಿಯಾಪದದಲ್ಲಿ ಹೇಳಿಬಿಟ್ಟಿದ್ದರು. ಅಂದಿನಿಂದ ‘ಸಮಾಲೋಚನೆ’ ಎಂದು ಬರೆಯಲು ನನ್ನ ಕೈ ಹಿಂಜರಿಯುತ್ತಿದೆ.

‘ಕೇಳು’ವಿಗೆ ಇನ್ನೊಂದು ಮುಖವೂ ಇದೆ. ‘ಹೆಣ್ಣು ಕೇಳಲು ಹೋಗಿದ್ದೆವು’ ಎಂದರೆ ಹೆಣ್ಣು ಗೊತ್ತಾಯಿತೆಂದು ಯಾರೂ ತಿಳಿಯುವುದಿಲ್ಲ. ಮನೆಯವರು ಇಲ್ಲವೆನ್ನಬಹುದು, ಇಲ್ಲವೆಂದರೆ ಬಂದವರು ಎದ್ದು ಬರಬೇಕು. ದೇವರಲ್ಲಿ ‘ಹೂ ಕೇಳುವುದು’ ಕೂಡ ಹಾಗೆಯೇ: ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಅಂದುಕೊಂಡ ಕೆಲಸ ನಿಂತಿತು. ಈ ಎರಡೂ ಕಡೆ ‘ಬೇಡ’ ಎನ್ನುವ ಅಧಿಕಾರ ಕೇಳಿಸಿಕೊಳ್ಳುವವರ ಕೈಯಲ್ಲಿದೆ, ಮತ್ತು ಅದು ‘ಕೇಳು’ ಎಂಬ ಪದದೊಳಗೇ ಅಡಗಿದೆ. ಒಡಿಶಾದ ನಿಯಮಗಿರಿಯಲ್ಲಿ ಆದದ್ದು ಈ ಬಗೆಯ ಕೇಳುವಿಕೆ. ಬೆಟ್ಟವನ್ನೇ ದೇವರೆಂದು ನಂಬುವ ಡೋಂಗ್ರಿಯಾ ಕೊಂಧರ ಸೀಮೆಯಲ್ಲಿ ಬಾಕ್ಸೈಟ್ ಗಣಿಗಾರಿಕೆಯ ವಿಷಯವನ್ನು ಗ್ರಾಮಸಭೆಗಳ ಮುಂದಿಡಬೇಕೆಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. 2006ರ ಅರಣ್ಯ ಹಕ್ಕು ಕಾಯ್ದೆ ಅದಕ್ಕೆ ಆಧಾರ. ಸಭೆ ಸೇರಿದ 12 ಗ್ರಾಮಗಳೂ ಬೇಡವೆಂದವು, ಗಣಿಗೆ ಅರಣ್ಯ ಅನುಮತಿ ಸಿಗಲಿಲ್ಲ. ಕಾತ್‌ಮುಕ್ ಮತ್ತು ನಿಯಮಗಿರಿ ಎರಡನ್ನೂ ಒಂದೇ ಪಾಠದಲ್ಲಿ ಇಡುತ್ತಿದ್ದೇನೆ. ಒಂದರಲ್ಲಿ ಕೇಳಿದ್ದು ಮೊದಲ ಅರ್ಥದಲ್ಲಿ, ಇನ್ನೊಂದರಲ್ಲಿ ಹೆಣ್ಣು ಕೇಳುವ ಅರ್ಥದಲ್ಲಿ. ಎರಡಕ್ಕೂ ‘ಸಮಾಲೋಚನೆ’ ಎಂದೇ ಬರೆದರೆ ಪಾಠ ಬರೆದೇ ಉಪಯೋಗವಿಲ್ಲ.

‘ಕನ್ಸೆಂಟ್’ಗೆ ‘ಒಪ್ಪಿಗೆ’ ಸಾಕೆಂದು ನನ್ನ ಅಭಿಪ್ರಾಯ. ‘ಅನುಮತಿ’ ಮೇಲಿನವರು ಕೊಡುವುದು. ‘ಸಮ್ಮತಿ’ ಕಾಗದದ ಮೇಲೆ ಚೆನ್ನ, ಹಟ್ಟಿಯಲ್ಲಿ ಓದಿದರೆ ಪರಕೀಯ. ‘ಒಪ್ಪು’ ಎಂಬುದರಲ್ಲಿ ತಕ್ಕುದಾಗಿ ಕಾಣುವುದು, ಮನಸ್ಸಿಗೆ ಸರಿಯೆನಿಸುವುದು ಎಂಬ ಹಳೆಯ ಅರ್ಥವೂ ಉಳಿದಿದೆ. ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಒಪ್ಪಿಗೆಯಾಗದು ಎಂಬ ಭಾವ ಅದರಿಂದ ಬರುತ್ತದೆ. ಮೂಲಜನರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಯ ಪ್ರಸಿದ್ಧ ಮಾತನ್ನು ಕೆಲವರು ‘ಮುಕ್ತ, ಪೂರ್ವ ಮತ್ತು ಮಾಹಿತಿಯುಕ್ತ ಸಮ್ಮತಿ’ ಎಂದು ಅನುವಾದಿಸುತ್ತಾರೆ. ‘ಪೂರ್ವ ಸಮ್ಮತಿ’ ಎಂದರೆ ನನಗೆ ಕಚೇರಿಯ ರಜೆಯ ಅರ್ಜಿಯ ‘ಪೂರ್ವಾನುಮತಿ’ಯೇ ಕಿವಿಯಲ್ಲಿ ಮೊಳಗುತ್ತದೆ. ‘ಬಲವಂತವಿಲ್ಲದೆ, ಕೆಲಸ ಶುರುವಾಗುವ ಮೊದಲೇ, ಎಲ್ಲವನ್ನೂ ತಿಳಿದು ಕೊಟ್ಟ ಒಪ್ಪಿಗೆ’ ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಅರ್ಥ ಸೋರುವುದಿಲ್ಲ.

ಇನ್ನು ‘ಪಾರ್ಟ್‌ನರ್‌ಶಿಪ್’. ಬೆಟ್ಟದ ರೆಸಾರ್ಟ್‌ಗಳ ಪ್ರವರ್ತಕರು ಈಗೀಗ ಮೂಲಜನರೊಡನೆ ಪಾಲುದಾರಿಕೆಯ ಮಾತನ್ನೂ ಆಡುತ್ತಾರೆ. ‘ಸಹಭಾಗಿತ್ವ’ ಎಂಬುದು ಸರ್ಕಾರಿ ಯೋಜನೆಗಳಲ್ಲಿ ಸವೆದು, ಶ್ರಮದಾನಕ್ಕೂ ಅದೇ ಹೆಸರಾಗಿದೆ. ‘ಪಾಲುದಾರಿಕೆ’ಯಲ್ಲಿ ಕನಿಷ್ಠ ಪಾಲು ಎಷ್ಟು ಎಂಬ ಪ್ರಶ್ನೆಯಾದರೂ ಏಳುತ್ತದೆ, ಹಾಗಾಗಿ ಅದನ್ನೇ ಇಟ್ಟುಕೊಂಡಿದ್ದೇನೆ. ನಮ್ಮ ಕಡೆಯ ‘ಕೋರು’ ಪದ್ಧತಿಯನ್ನು ಹೋಲಿಕೆಗೆ ತರಬಹುದೇ ಎಂದೂ ಯೋಚಿಸಿದೆ. ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು, ಫಸಲಿನಲ್ಲಿ ಪಾಲು. ಆದರೆ ಕೋರಿನಲ್ಲಿ ಹೊಲ ಯಾರದೆಂಬ ತಕರಾರೇ ಇರುವುದಿಲ್ಲ. ಕಣಿವೆ ಯಾರದು ಎಂಬುದೇ ಕ್ಟುನಾಹರ ಪ್ರಶ್ನೆಯ ಬುಡದಲ್ಲಿದ್ದುದರಿಂದ ಹೋಲಿಕೆಯನ್ನು ಬಿಟ್ಟೆ.

‘ಇಂಡಿಜಿನಸ್’ ಎಂಬುದಕ್ಕೆ ‘ಮೂಲಜನ’ ಎಂದು ಬರೆದಿದ್ದೇನೆ. ‘ಗಿರಿಜನ’ ಎಂದರೆ ಬಯಲಿನ ಮ್ಯಾಸಬೇಡರೂ ಕಾಡುಗೊಲ್ಲರೂ ಹೊರಗುಳಿಯುತ್ತಾರೆ, ನನ್ನ ತರಗತಿಯಲ್ಲಿ ಆ ಹಟ್ಟಿಗಳ ಮಕ್ಕಳೇ ಹೆಚ್ಚು. ‘ಬುಡಕಟ್ಟು’ ಎನ್ನಲು ಅಡ್ಡಿಯಿಲ್ಲ, ಆದರೆ ತಮ್ಮನ್ನು ‘ನೇಷನ್’ ಎಂದು ಕರೆದುಕೊಳ್ಳುವವರಿಗೆ ಅದು ಕಿರಿದಾಗಬಹುದು.

ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ತೀರ್ಪಿನಲ್ಲಿ ಸೋತರೂ ಕ್ಟುನಾಹರು ಪಟ್ಟು ಬಿಡಲಿಲ್ಲ. 2020ರ ಜನವರಿಯಲ್ಲಿ ರೆಸಾರ್ಟಿನ ಹಕ್ಕುಗಳನ್ನು ಕೊನೆಗೊಳಿಸಿ, ಆ ಕಣಿವೆಯನ್ನು ಅವರ ಮುಂದಾಳತ್ವದಲ್ಲಿ ಸಂರಕ್ಷಿತ ಪ್ರದೇಶವಾಗಿಸುವ ನಿರ್ಧಾರ ಪ್ರಕಟವಾಯಿತು.

ಈಗ ನನ್ನ ಕೋರಿಕೆ. ‘ಕನ್ಸಲ್ಟೇಶನ್’ಗೆ ಸದ್ಯಕ್ಕೆ ‘ಅಭಿಪ್ರಾಯ ಕೇಳುವುದು’ ಎಂದು ಬರೆದು, ‘ಸಮಾಲೋಚನೆ’ಯನ್ನು ಇಬ್ಬರಿಗೂ ಸಮಾನ ಅಧಿಕಾರವಿರುವ ಕಡೆಗೆ ಮಾತ್ರ ಮೀಸಲಿಟ್ಟಿದ್ದೇನೆ. ‘ಕೇಳಿಕೆ’ ಎಂಬ ನಾಮಪದ ಹೊಳೆಯಿತು, ಆದರೆ ನಮ್ಮ ಬಯಲುಸೀಮೆಯಲ್ಲಿ ಕೇಳಿಕೆ ಎಂದರೆ ಬಯಲಾಟ. ಮ್ಯಾಸಬೇಡ, ಕಾಡುಗೊಲ್ಲರ ಕಟ್ಟೆಮನೆಯ (ಹಟ್ಟಿಗಳ ಸಾಂಪ್ರದಾಯಿಕ ನ್ಯಾಯಪೀಠದ) ಹಿರಿಯರು ನ್ಯಾಯ ತೀರ್ಮಾನಕ್ಕೆ ಮುಂಚೆ ಹಟ್ಟಿಯವರ ಮನಸ್ಸನ್ನು ತಿಳಿಯುವ ಕ್ರಮಕ್ಕೆ ಆ ಸಮುದಾಯಗಳಲ್ಲಿ ಬೇರೆ ಹೆಸರಿದ್ದರೆ, ಬಲ್ಲವರು ದಯವಿಟ್ಟು ತಿಳಿಸಬೇಕು. ಹಾಗೆಯೇ, ಅಭಿಪ್ರಾಯ ಕೇಳಿದ ಮೇಲೆ ಯೋಜನೆಯನ್ನು ಅದಕ್ಕೆ ತಕ್ಕಂತೆ ಬದಲಿಸುವುದನ್ನು ಆ ತೀರ್ಪುಗಳು ‘ಅಕಾಮಡೇಶನ್’ ಎನ್ನುತ್ತವೆ. ನಾನು ‘ಹೊಂದಾಣಿಕೆ’ ಎಂದು ಬರೆದು ಹೊಡೆದುಹಾಕಿದ್ದೇನೆ, ಏಕೆಂದರೆ ನಮ್ಮಲ್ಲಿ ಹೊಂದಿಕೊಂಡು ಹೋಗು ಎಂಬ ಮಾತನ್ನು ಹೇಳುವುದು ಯಾವಾಗಲೂ ಬಲವಿಲ್ಲದವರಿಗೆ, ಇಲ್ಲಿ ಬದಲಾಗಬೇಕಾದವರು ಬಲವುಳ್ಳವರು. ಅದಕ್ಕೆ ತಕ್ಕ ಪದ ಇನ್ನೂ ನನಗೆ ಸಿಕ್ಕಿಲ್ಲ.