ಕ್ಷಮೆ ಸಿಕ್ಕಿದೆ ಎಂದು ನಂಬುತ್ತೇನೆ, ಆದರೂ ಮುಂದೆ ಹೋಗಲಾಗುತ್ತಿಲ್ಲ: ನಿಮ್ಮ ಅನುಭವ ಹೇಳಿ

ಕೇಳಿದವರು: ನಮ್ಮ ಕ್ರೈಸ್ತ ಸಭೆಯಲ್ಲಿ ಯುವಜನರ ಗುಂಪನ್ನು ನಡೆಸುತ್ತಿದ್ದೆ. ಜೊತೆಯಲ್ಲಿ ಸೇವೆ ಮಾಡುತ್ತಿದ್ದ ಸಹೋದರಿಯೊಬ್ಬರ ಬಗ್ಗೆ ಬೆನ್ನ ಹಿಂದೆ ಹಗುರವಾಗಿ ಮಾತನಾಡಿದೆ. ಮಾತು ಹರಡಿತು. ಆಕೆ ಸಭೆಗೆ ಬರುವುದನ್ನೇ ಬಿಟ್ಟರು, ನಾನೂ ಹೊಣೆಯನ್ನು ಬಿಟ್ಟೆ. ದೇವರ ಮುಂದೆ ಅರಿಕೆ ಮಾಡಿಕೊಂಡಿದ್ದೇನೆ. ಆದರೂ ಪ್ರಾರ್ಥನೆಗೆ ಕುಳಿತರೆ ಅದೇ ನೆನಪು. ಹಿಂದಿನದನ್ನು ಮರೆತು ಮುಂದೆ ಹೋಗು ಎಂದು ಕೆಲವರು ಬೈಬಲಿನಲ್ಲಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ತೋರಿಸುತ್ತಾರೆ. ಮರೆಯುವುದೊಂದೇ ದಾರಿಯೇ?

ಬೈಬಲ್ ಅಧ್ಯಯನ ಗುಂಪಿನ ಹಿರಿಯ ಸಹೋದರಿ: ಸಹೋದರರೇ, ಆ ಮೂರನೆಯ ಅಧ್ಯಾಯವನ್ನು ಮೊದಲಿನಿಂದ ಓದಿ. ಹಿಂದಿನ ಸಂಗತಿಗಳನ್ನು ಮರೆತಿದ್ದೇನೆ ಎನ್ನುವ ಮೊದಲು ಪೌಲನು ಪಟ್ಟಿ ಮಾಡುವುದು ಹೆಚ್ಚಾಗಿ ತನ್ನ ಹೆಗ್ಗಳಿಕೆಗಳನ್ನು: ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನೆಂಬ ಹೆಸರು. ಯೇಸುವನ್ನು ನಂಬುವ ಮೊದಲು ಸಭೆಯನ್ನು ಹಿಂಸಿಸಿದ್ದನ್ನೂ ಅಲ್ಲಿ ತನ್ನ ಹಳೆಯ ಹುರುಪಿನ ಸಾಕ್ಷಿಯಾಗಿಯೇ ಎಣಿಸುತ್ತಾನೆ. ಆದರೆ ಅದು ತಪ್ಪೆಂಬುದನ್ನು ಅವನು ಎಂದೂ ಮುಚ್ಚಿಡಲಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯದಲ್ಲಿ, ದೇವರ ಸಭೆಯನ್ನು ಹಿಂಸಿಸಿದ್ದರಿಂದ ಅಪೊಸ್ತಲನೆನಿಸಿಕೊಳ್ಳಲು ತಾನು ಯೋಗ್ಯನಲ್ಲ ಎಂದು ತಾನೇ ಬರೆದಿದ್ದಾನೆ. ಅದರ ಮರುಮಾತಿನಲ್ಲೇ ದೇವರ ಕೃಪೆಯಿಂದ ತಾನು ಏನಾಗಿದ್ದೇನೋ ಅದಾಗಿದ್ದೇನೆ ಎನ್ನುತ್ತಾನೆ. ಹಿಂದಿನದನ್ನು ಮರೆಯುವ ಆ ಫಿಲಿಪ್ಪಿಯ ವಚನವನ್ನು ಗಾಯದ ಮೇಲೆ ಹೊದಿಸುವ ಬಟ್ಟೆಯಂತೆ ಬಳಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಾನು ನಿಮ್ಮ ಕಥೆಯ ಇನ್ನೊಂದು ಬದಿಯಲ್ಲಿ ಇದ್ದವಳು. ಹಿಂದೊಮ್ಮೆ ನನ್ನ ಬಗ್ಗೆಯೂ ಸಭೆಯಲ್ಲಿ ಸುಳ್ಳು ಮಾತು ಹಬ್ಬಿತ್ತು. ಅದನ್ನು ಹಬ್ಬಿಸಿದವರಲ್ಲಿ ಒಬ್ಬರು ಬಂದು, "ನನ್ನಿಂದ ನೋವಾಗಿದ್ದರೆ ಕ್ಷಮಿಸಿ" ಎಂದರು. ಕ್ಷಮಿಸಿದೆ ಎಂದೆ. ಆದರೆ ಮನಸ್ಸು ಹಗುರವಾಗಲಿಲ್ಲ, ಏಕೆಂದರೆ ನೋವಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸುವ ಭಾರವೂ ನನ್ನ ಮೇಲೆಯೇ ಬಿದ್ದಿತ್ತು. ಬಹಳ ಕಾಲದ ನಂತರ ಇನ್ನೊಬ್ಬರು ಬಂದರು. ಯಾರ ಮುಂದೆ, ಯಾವ ಮಾತು ಆಡಿದೆ, ಅದು ಸುಳ್ಳೆಂದು ಗೊತ್ತಿದ್ದೂ ಆಡಿದೆ ಎಂದು ಬಿಡಿಸಿ ಹೇಳಿದರು. ನೆಪ ಹೇಳಲಿಲ್ಲ, ಉತ್ತರವನ್ನೂ ಕಾಯಲಿಲ್ಲ. ಅಂದು ನಾನು ಅತ್ತೆ, ಆದರೆ ಆ ಅಳುವಿನಲ್ಲಿ ಬಿಡುಗಡೆ ಇತ್ತು.

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳುವುದೂ ಇದನ್ನೇ: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕು. ನೀವು ದೇವರ ಬಳಿಗೆ ಹೋಗಿದ್ದೀರಿ. ಆಕೆಯ ಬಳಿಗೆ ಹೋಗಿದ್ದೀರಾ? ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಬರುವ ಆ ನೆನಪು ಕ್ಷಮೆ ಸಿಕ್ಕಿಲ್ಲ ಎನ್ನುವುದಕ್ಕೆ ಗುರುತು ಎಂದು ನನಗೆ ಅನ್ನಿಸುವುದಿಲ್ಲ. ಮಾಡಬೇಕಾದ ಕೆಲಸ ಉಳಿದಿದೆ ಎಂಬ ಕರೆ ಅದು.

ನಿವೃತ್ತ ಸಭಾಪಾಲಕರು: ಸಹೋದರಿಯ ಮಾತಿಗೆ ಒಂದು ಸೇರಿಸುತ್ತೇನೆ. ನನ್ನ ಬಳಿ ಬಂದ ಅನೇಕರು ಏನು ಮಾಡಿದೆವು ಎಂಬುದನ್ನು ಚೆನ್ನಾಗಿ ಬಲ್ಲವರು, ಏಕೆ ಮಾಡಿದೆವು ಎಂದು ಕೇಳಿಕೊಂಡವರು ಕಡಿಮೆ. ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಮಹಾಯಾಜಕನ ಮನೆಯಂಗಳದಲ್ಲಿ ಮೂರು ಸಲ ಯೇಸುವನ್ನು ಅಲ್ಲಗಳೆದನು, ಬಹುವಾಗಿ ಅತ್ತನು. ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಅವನನ್ನು ಮೂರು ಸಲ ಪ್ರಶ್ನಿಸಿ, ಕುರಿಗಳನ್ನು ಮೇಯಿಸುವ ಕೆಲಸ ಒಪ್ಪಿಸಿದನು. ಅಲ್ಲಿಗೆ ಮುಗಿಯಿತು ಎಂದುಕೊಳ್ಳುತ್ತೇವೆ. ಮುಗಿಯಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಅದೇ ಪೇತ್ರನು ಅಂತಿಯೋಕ್ಯದಲ್ಲಿ, ಸುನ್ನತಿಯ ಪಕ್ಷದ ಯೆಹೂದ್ಯ ವಿಶ್ವಾಸಿಗಳಿಗೆ ಹೆದರಿ, ಯೆಹೂದ್ಯರಲ್ಲದ ಅನ್ಯಜನರೊಂದಿಗೆ ಊಟ ಮಾಡುವುದನ್ನು ಬಿಟ್ಟು ದೂರ ಸರಿಯುತ್ತಾನೆ. ಪೌಲನು ಎಲ್ಲರ ಎದುರಿಗೇ ಅವನನ್ನು ಖಂಡಿಸುತ್ತಾನೆ. ಎರಡು ತಪ್ಪುಗಳ ಹೊರರೂಪ ಬೇರೆ, ಬೇರು ಒಂದೇ: ಜನರು ಏನೆನ್ನುತ್ತಾರೋ ಎಂಬ ಭಯ.

ಆದ್ದರಿಂದ, ಇನ್ನು ಮೇಲೆ ಚಾಡಿ ಹೇಳುವುದಿಲ್ಲ ಎಂದು ತೀರ್ಮಾನಿಸಿದರೆ ಸಾಲದು. ಆಕೆಯ ಸೇವೆಯನ್ನು ಜನ ಮೆಚ್ಚುತ್ತಿದ್ದುದು ನಿಮ್ಮನ್ನು ಚುಚ್ಚುತ್ತಿತ್ತೇ? ಎಲ್ಲರ ನಡುವೆ ಎದ್ದು ಕಾಣಬೇಕೆಂಬ ಆಸೆಯೇ? ಬೇರು ಗೊತ್ತಾಗದಿದ್ದರೆ ಅದು ಬೇರೆ ವೇಷದಲ್ಲಿ ಬರುತ್ತದೆ.

ಸೇವೆಗೆ ಮರಳಲು ಅವಸರ ಬೇಡ. ಸುವಾರ್ತೆ ಸಾರುವ ಪ್ರಯಾಣದ ನಡುವೆ ಪಂಫುಲ್ಯದಲ್ಲಿ ಕೆಲಸ ಬಿಟ್ಟುಹೋದ ಮಾರ್ಕನನ್ನು ಮತ್ತೆ ಕರೆದುಕೊಂಡು ಹೋಗಲು ಪೌಲನು ಒಪ್ಪಲಿಲ್ಲ, ಜೊತೆಗಾರನಾದ ಬಾರ್ನಬನು ಅವನನ್ನು ಸೈಪ್ರಸ್‌ಗೆ ಕರೆದೊಯ್ದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಹೊತ್ತಿಗೆ, ಮಾರ್ಕನು ಸೇವೆಗೆ ಉಪಯುಕ್ತನು, ಅವನನ್ನು ಕರೆದುಕೊಂಡು ಬಾ ಎಂದು ಪೌಲನೇ ಬರೆಯುತ್ತಾನೆ. ನಡುವೆ ಬಾರ್ನಬನಂಥ ಒಬ್ಬರು ಬೇಕು. ನಿಮ್ಮನ್ನು ಬಿಟ್ಟುಕೊಡದ, ಆದರೆ ಮುಖಸ್ತುತಿಯನ್ನೂ ಮಾಡದ ಒಬ್ಬರನ್ನು ಹುಡುಕಿ.

ಕಥೋಲಿಕ ವಿಶ್ವಾಸಿಯೊಬ್ಬರು: ನನಗೆ ನೆರವಾದದ್ದು ರಾತ್ರಿಯ ಆತ್ಮಶೋಧನೆ. 16ನೇ ಶತಮಾನದಲ್ಲಿ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿಕೊಟ್ಟ ಕ್ರಮವಿದು. ಮೊದಲು ದಿನದ ಒಳಿತಿಗೆ ಸ್ತೋತ್ರ, ಆಮೇಲೆ ತಪ್ಪನ್ನು ಕಾಣುವ ಕೃಪೆಗಾಗಿ ಬೇಡಿಕೆ, ನಂತರ ದಿನದ ಪರಿಶೀಲನೆ, ಕ್ಷಮಾಪಣೆ, ಕೊನೆಗೆ ತಿದ್ದಿಕೊಳ್ಳುವ ಸಂಕಲ್ಪ. ಸ್ತೋತ್ರ ಮೊದಲು ಬರುವುದು ಮುಖ್ಯ. ತಪ್ಪಿನಿಂದಲೇ ಶುರುಮಾಡಿದ ದಿನಗಳಲ್ಲಿ ನಾನು ನನ್ನನ್ನೇ ಹೊಡೆದುಕೊಂಡು ಮಲಗುತ್ತಿದ್ದೆ, ಬೆಳಿಗ್ಗೆ ಏನೂ ಬದಲಾಗಿರುತ್ತಿರಲಿಲ್ಲ.

ಇನ್ನೊಬ್ಬ ಸಹೋದರಿ: ಎಲ್ಲರ ಮುಂದೆ ಸಾಕ್ಷಿ ಹೇಳಿ ಹಗುರವಾಗಿ ಎಂದು ಯಾರಾದರೂ ಸಲಹೆ ಕೊಟ್ಟರೆ ತಡೆಯಿರಿ. ಅದು ಆಕೆಯ ಕಥೆಯೂ ಹೌದು. ಆಕೆಯ ಒಪ್ಪಿಗೆಯಿಲ್ಲದೆ ವೇದಿಕೆಯಲ್ಲಿ ಹೇಳಿದರೆ ಅದೇ ಮಾತು ಇನ್ನೊಂದು ಸುತ್ತು ಹರಡುತ್ತದೆ.

ಕೇಳಿದವರು: ಎಲ್ಲರಿಗೂ ವಂದನೆಗಳು. ಪತ್ರ ಬರೆಯಲು ಕುಳಿತಿದ್ದೇನೆ. ಆಕೆ ಉತ್ತರಿಸದಿದ್ದರೆ?

ಬೈಬಲ್ ಅಧ್ಯಯನ ಗುಂಪಿನ ಹಿರಿಯ ಸಹೋದರಿ: ಉತ್ತರ ಕೊಡುವುದು ಬಿಡುವುದು ಆಕೆಯ ಹಕ್ಕು. ನಮ್ಮಿಂದಾಗುವ ಮಟ್ಟಿಗೆ ಎಲ್ಲರೊಡನೆ ಸಮಾಧಾನದಿಂದಿರಬೇಕು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆ ಹೇಳುತ್ತದೆ. ಆಕೆಯ ಮನಸ್ಸು ನಿಮ್ಮ ಕೈಯಲ್ಲಿಲ್ಲ. ಮತ್ತೆ ಮತ್ತೆ ಬರೆದು ಒತ್ತಾಯಿಸಬೇಡಿ. ಸಭೆಗೆ ಮರಳಿ ಬನ್ನಿ ಎಂದೂ ಆ ಪತ್ರದಲ್ಲಿ ಬರೆಯಬೇಡಿ.

ಆದರೆ ಆಕೆಯ ಉತ್ತರಕ್ಕೆ ಕಾಯದೆ ಮಾಡಬಹುದಾದದ್ದೊಂದಿದೆ. ಬೈಬಲಿನ ಅರಣ್ಯಕಾಂಡದ 5ನೇ ಅಧ್ಯಾಯದ ಪ್ರಕಾರ ತಪ್ಪನ್ನು ಒಪ್ಪಿಕೊಂಡವನು ನಷ್ಟವನ್ನು ಪೂರ್ತಿ ತುಂಬಿಕೊಟ್ಟು, ಮೇಲೆ ಐದನೆಯ ಒಂದು ಪಾಲನ್ನೂ ಕೊಡಬೇಕಿತ್ತು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು, ಮೋಸದಿಂದ ತೆಗೆದುಕೊಂಡಿದ್ದರೆ ಅದರ ನಾಲ್ಕರಷ್ಟು ಕೊಡುತ್ತೇನೆ ಎಂದು ಯೇಸುವಿಗೆ ಹೇಳಿದನು. ನೀವು ಕಿತ್ತುಕೊಂಡದ್ದು ಆಕೆಯ ಹೆಸರನ್ನು. ಆ ಮಾತನ್ನು ನಿಮ್ಮ ಬಾಯಿಂದ ಕೇಳಿದವರು ಯಾರು ಯಾರೆಂದು ನಿಮಗೆ ನೆನಪಿರುತ್ತದೆ. ಒಬ್ಬೊಬ್ಬರ ಬಳಿಗೂ ಹೋಗಿ, ನಾನು ಹೇಳಿದ್ದು ಸರಿಯಲ್ಲ ಎಂದು ಹೇಳಿ ಬನ್ನಿ. ನನ್ನ ವಿಷಯದಲ್ಲಿ ಆ ಎರಡನೆಯವರು ಮಾಡಿದ್ದು ಅದನ್ನೇ. ಅದು ನನಗೆ ತಿಳಿದದ್ದು ಅವರಿಂದಲ್ಲ, ಅವರ ಮಾತು ಕೇಳಿ ನನ್ನೊಡನೆ ಮತ್ತೆ ಮಾತನಾಡತೊಡಗಿದವರಿಂದ.