ಹತ್ತು ತಂತಿಯ ಸ್ಟಿಕ್: ಶ್ರುತಿ ಬದಲಿಸಿದ ಮೇಲೆ ಬೇಸ್ ಬದಿ ಜರ್ರೆನ್ನುತ್ತಿದೆ

ಮಾನ್ವಿ_ತಂತಿ (ರಾಯಚೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ಬೇಸ್ ಗಿಟಾರ್ ನುಡಿಸಿದವನು ನಾನು. ಎರಡು ತಿಂಗಳ ಹಿಂದೆ ಯಾರೋ ಬಳಸಿ ಬಿಟ್ಟಿದ್ದ ಹತ್ತು ತಂತಿಯ ಚಾಪ್‌ಮನ್ ಸ್ಟಿಕ್ ಕೈಗೆ ಬಂತು. ಮೀಟದೆ, ಎರಡೂ ಕೈಯ ಬೆರಳುಗಳಿಂದ ತಂತಿಯನ್ನು ಫ್ರೆಟ್‌ಗಳ (ಅಡ್ಡಪಟ್ಟಿಗಳ) ಮೇಲೆ ತಟ್ಟಿ ನುಡಿಸುವ ಹಲಗೆಯಂಥ ವಾದ್ಯ ಅದು. ನನ್ನ ಸೋದರಮಾವ ದಾಸರ ಪದ ಹಾಡುತ್ತಾರೆ. ಹಾರ್ಮೋನಿಯಂನಲ್ಲಿ ಅವರದು ಕಪ್ಪು ಒಂದು, ಅಂದರೆ ಸಿ ಶಾರ್ಪ್. ಎಡಗೈಯಲ್ಲಿ ಸ-ಪ ಹಿಡಿದು ಬಲಗೈಯಲ್ಲಿ ಪದದ ಧಾಟಿ ನುಡಿಸಬೇಕೆಂಬುದು ನನ್ನ ಆಸೆ.

ವಾದ್ಯ ಬಂದಾಗ ಮೂಲ ಶ್ರುತಿಯಲ್ಲೇ ಇತ್ತು. ಮೆಲಡಿ ಬದಿ ಡಿ, ಎ, ಇ, ಬಿ, ಎಫ್ ಶಾರ್ಪ್. ಬೇಸ್ ಬದಿ ನಡುವಿನಿಂದ ಹೊರಗೆ ಸಿ, ಜಿ, ಡಿ, ಎ, ಇ. ಈ ಬೇಸ್ ಬದಿ ನನ್ನ ಬೆರಳುಗಳಿಗೆ ಒಗ್ಗಲಿಲ್ಲ. ಬೇಸ್ ಗಿಟಾರಿನಂತೆ ಇರಲಿ ಎಂದು ಅದನ್ನು ಸಿ, ಎಫ್, ಎ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್‌ಗೆ ಇಳಿಸಿದೆ. ತಂತಿ ಬದಲಿಸಲಿಲ್ಲ. ಈಗ ಬೇಸ್ ಬದಿಯ ಹೊರತುದಿಯ 9 ಮತ್ತು 10ನೇ ತಂತಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋಲುತ್ತಿವೆ. ತಟ್ಟಿದರೆ ಜರ್ರೆನ್ನುತ್ತವೆ, ಸ್ವರವೂ ಮೇಲಕ್ಕೆ ಜಾರುತ್ತದೆ. ಬಿಸಿಲಿನಿಂದ ಹೀಗಾಗಿರಬಹುದೇ?

ಸ್ಟೇಷನ್_ರಸ್ತೆ (ಬಳ್ಳಾರಿ)

ಇಡೀ ವಾದ್ಯವನ್ನು ಸಿ ಶಾರ್ಪ್‌ನ ತೆರೆದ ಶ್ರುತಿಗೆ (ಬೆರಳಿಡದ ತಂತಿಗಳೇ ಆ ಶ್ರುತಿ ನುಡಿಯುವಂತೆ) ತಂದುಬಿಡಿ. ಗಿಟಾರಿನಲ್ಲಿ ನಾನು ಹಾಗೆಯೇ ಮಾಡುವುದು. ತೆರೆದ ತಂತಿಯೇ ತಂಬೂರಿಯಂತೆ ಮೊಳಗುತ್ತದೆ.

ಗವಿಬೆಟ್ಟ (ಕೊಪ್ಪಳ)

ಮೇಲಿನ ಸಲಹೆ ಗಿಟಾರಿಗೆ ಸರಿ, ಇದಕ್ಕಲ್ಲ. ಸ್ಟಿಕ್‌ನಲ್ಲಿ ನಟ್ (ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಪಕ್ಕದ ಬಟ್ಟೆಯ ಪಟ್ಟಿ ತೆರೆದ ತಂತಿಯ ದನಿಯನ್ನು ಅಡಗಿಸುತ್ತದೆ. ಅದಿಲ್ಲದಿದ್ದರೆ ಬೆರಳು ಎತ್ತಿದಾಗಲೆಲ್ಲ ಗೌಜು. ತಟ್ಟಿದ್ದು ಮಾತ್ರ ನುಡಿಯುವ ವಾದ್ಯದಲ್ಲಿ ತೆರೆದ ತಂತಿಯ ಸ್ವರ ಯಾವುದಾದರೇನು? ಒಂದು ತಂತಿಗೂ ಪಕ್ಕದ ತಂತಿಗೂ ಇರುವ ಅಂತರವೇ ಇಲ್ಲಿ ಮುಖ್ಯ.

ಮಾನ್ವಿಯ ತಮ್ಮಾ, ಬಿಸಿಲನ್ನು ಬಯ್ಯಬೇಡ. ನೀನು ಕೆಡಿಸಿದ್ದು ಆ ಅಂತರವನ್ನೇ. ಬೇಸ್ ಬದಿಯನ್ನು ಈ ವಾದ್ಯ ರೂಪಿಸಿದ ಎಮ್ಮೆಟ್ ಚಾಪ್‌ಮನ್ ಸ-ಪ ಅಂತರದಲ್ಲಿ ಕಟ್ಟಿದ್ದಾನೆ. ಯಾವ ಫ್ರೆಟ್‌ನಲ್ಲಿ ಸ ಹಿಡಿದರೂ ಪಕ್ಕದ ತಂತಿಯ ಅದೇ ಫ್ರೆಟ್‌ನಲ್ಲಿ ಪ ಇರುತ್ತದೆ, ಅದರಾಚೆಯ ತಂತಿಯಲ್ಲಿ ಎರಡು ಫ್ರೆಟ್ ಹಿಂದೆ ತಾರ ಸ. ನಿನ್ನ ಮಾವನಿಗೆ ಬೇಕಾದ ಆಧಾರಶ್ರುತಿ ಮೂರು ಬೆರಳಿನಲ್ಲಿ ಸಿದ್ಧವಾಗಿತ್ತು. ನೀನು ಅದನ್ನು ಸ-ಮ ಅಂತರ ಮಾಡಿ, ಪಂಚಮಕ್ಕಾಗಿ ಎರಡು ಫ್ರೆಟ್ ಆಚೆಗೆ ಬೆರಳು ಚಾಚುವಂತೆ ಮಾಡಿಕೊಂಡೆ.

ಇನ್ನು ಜೋಲುವಿಕೆ. ತಂತಿಯ ಬಿಗಿತ ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಜಿ ತಂತಿಯನ್ನು ಎರಡು ಮನೆ (ಒಂದು ಮನೆ ಎಂದರೆ ಒಂದು ಫ್ರೆಟ್‌ನಷ್ಟು ಸ್ವರದ ಅಂತರ) ಇಳಿಸಿದ್ದಕ್ಕೆ ಶೇ 21ರಷ್ಟು ಬಿಗಿತ ಹೋಯಿತು. ಡಿ ತಂತಿ ನಾಲ್ಕು ಮನೆ ಇಳಿದು ಶೇ 37ರಷ್ಟನ್ನು ಕಳೆದುಕೊಂಡಿತು. ಎ ತಂತಿ ಆರು ಮನೆ ಇಳಿದಿದೆ, ಅಲ್ಲಿಗೆ ಬಿಗಿತ ಸರಿಯಾಗಿ ಅರ್ಧ. ಹತ್ತನೆಯದು ಎಂಟು ಮನೆ ಇಳಿದಿದೆ. ಅದರಲ್ಲಿ ಉಳಿದಿರುವುದು ಶೇ 40 ಮಾತ್ರ. ಸಡಿಲ ತಂತಿಯನ್ನು ಬೆರಳು ಒತ್ತಿದಾಗ ಬಿಗಿತ ಒಮ್ಮೆಲೇ ಏರುತ್ತದೆ, ಅದಕ್ಕೇ ಸ್ವರ ಮೇಲಕ್ಕೆ ಜಾರುವುದು. ಮೂಲ ಶ್ರುತಿಗೆ ಮರಳಿ ನೋಡು. ದಿನಕ್ಕೆ ಎರಡು ಮೂರು ಮನೆಯಂತೆ ಏರಿಸು. ಹಳೆಯ ತಂತಿ, ಒಂದೇ ಸಲ ಎಳೆದರೆ ಕಡಿಯುತ್ತದೆ.

ಮಾನ್ವಿ_ತಂತಿ

ಅಣ್ಣಾ, ಮೂಲ ಶ್ರುತಿಗೆ ತಂದೆ. ಹತ್ತನೆಯ ತಂತಿ ಕೊನೆಗೂ ಕಡಿಯಿತು, ಹೊಸದು ಹಾಕಿದೆ. ಜೋಲುವುದು ನಿಂತಿದೆ. ಆದರೆ ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಜರ್ರೆನ್ನುವುದು ಎರಡೂ ಬದಿಯಲ್ಲಿ ಉಳಿದಿದೆ. ಹೇಳಲು ಮರೆತಿದ್ದೆ: ಹಿಂದೆ ಅದನ್ನು ನಿಲ್ಲಿಸಲೆಂದೇ ಟ್ರಸ್ ರಾಡನ್ನು (ಹಲಗೆಯ ಬಾಗು ಸರಿಪಡಿಸುವ ಸರಳು) ಕಾಲು ಸುತ್ತು ಬಿಗಿ ಮಾಡಿದ್ದೆ.

ಗವಿಬೆಟ್ಟ (ಕೊಪ್ಪಳ)

ಇದನ್ನು ಮೊದಲೇ ಹೇಳಿದ್ದರೆ ನನ್ನ ಒಂದು ಸಂಜೆ ಉಳಿಯುತ್ತಿತ್ತು. ತಂತಿಗಳು ಹಲಗೆಯನ್ನು ಮುಂದಕ್ಕೆ ಎಳೆಯುತ್ತವೆ, ರಾಡು ಹಿಂದಕ್ಕೆ ಎಳೆಯುತ್ತದೆ. ನೀನು ತಂತಿ ಸಡಿಲಿಸಿ ರಾಡನ್ನು ಬಿಗಿ ಮಾಡಿದೆ. ಎರಡೂ ಸೇರಿ ಹಲಗೆ ಹಿಂದಕ್ಕೆ ಬಾಗಿ, ತಂತಿ ಫ್ರೆಟ್‌ಗಳ ಮೇಲೆಯೇ ಮಲಗಿದೆ.

ಶ್ರುತಿ ಸರಿಯಿರುವಾಗಲೇ ಒಂದು ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿ. ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿ ನಡುವಿನ ಫ್ರೆಟ್ ಮೇಲೆ ಬಸ್ ಟಿಕೆಟ್ ತೂರಿಸು. ಟಿಕೆಟ್ ತುಸು ಉಜ್ಜಿಕೊಂಡು ಒಳಗೆ ಹೋಗಬೇಕು. ಹೋಗಲೇ ಇಲ್ಲವೆಂದರೆ ರಾಡನ್ನು ಅರೆಕಾಲು ಸುತ್ತು ಸಡಿಲಿಸಿ ರಾತ್ರಿಯೆಲ್ಲ ಬಿಡು. ಬೆಳಿಗ್ಗೆ ಮತ್ತೆ ಶ್ರುತಿ ಮಾಡಿ ಮತ್ತೆ ನೋಡು. ಅವಸರಪಟ್ಟು ಒಂದೇ ದಿನ ಎರಡು ಸಲ ತಿರುಗಿಸಬೇಡ.

ಕೋಟೆ_ಕೆಳಗೆ (ಬಳ್ಳಾರಿ)

ಎರಡು ಮಾತು ಸೇರಿಸುತ್ತೇನೆ. ಸ-ಮ ಅಂತರವನ್ನು ಗವಿಬೆಟ್ಟ ಸರ್ ಸ್ವಲ್ಪ ಹೆಚ್ಚೇ ಹಳಿದರು. ಎರಡೂ ಬದಿಯನ್ನು ಸ-ಮ ಅಂತರದಲ್ಲಿ ಕಟ್ಟಿ ನುಡಿಸುವವರು ಇದ್ದಾರೆ, ಬೇಸ್ ಗಿಟಾರಿನಿಂದ ಬಂದವರಿಗೆ ಅದು ಹಿತ. ಆದರೆ ಹೊಸ ಗೇಜ್ (ಬೇರೆ ದಪ್ಪದ ತಂತಿ; ಇಂಚಿನ ಸಾವಿರದ ಭಾಗದಲ್ಲಿ ಲೆಕ್ಕ) ಹಾಕದೆ ಅದು ಆಗದು. ಎಂಟು ಮನೆ ಇಳಿಸುವುದಾದರೆ ಸಾದಾ ತಂತಿಯ ದಪ್ಪ ಸುಮಾರು 1.6 ಪಟ್ಟು ಆಗಬೇಕು: 10 ಇದ್ದಲ್ಲಿ 16. ವ್ಯಾಪ್ತಿಯೂ ಕುಗ್ಗುತ್ತದೆ. ಐದು ತಂತಿಗಳಲ್ಲಿ ಮೊದಲಿನಿಂದ ಕೊನೆಯದಕ್ಕೆ 28 ಮನೆ ಇದ್ದದ್ದು 20ಕ್ಕೆ ಇಳಿಯುತ್ತದೆ. ಅಂಗಡಿಯ ಗಿಟಾರ್ ತಂತಿ ಕೊಳ್ಳುವ ಮುನ್ನ ಉದ್ದ ಅಳೆಯಿರಿ. ಗಿಟಾರಿನಲ್ಲಿ ನಟ್‌ನಿಂದ ಬ್ರಿಡ್ಜ್‌ಗೆ (ಕೆಳತುದಿಯ ಕುದುರೆಗೆ) 25.5 ಇಂಚಿನ ಆಸುಪಾಸು, ಹಳೆಯ ಸ್ಟಿಕ್‌ಗಳಲ್ಲಿ 36. ಬಿರಡೆಗೆ ಸುತ್ತಲು ಏನೂ ಉಳಿಯದೆ ಹೋಗಬಹುದು.

ಇನ್ನೊಂದು, ಕಪ್ಪು ಒಂದರ ತೊಡಕು. ಮೂಲ ಶ್ರುತಿಯಲ್ಲಿ ಮಂದ್ರ ಸ ಮೊದಲ ಫ್ರೆಟ್‌ಗೆ ಬೀಳುತ್ತದೆ. ಪ ಪಕ್ಕದಲ್ಲೇ ಇದೆ ನಿಜ. ಆದರೆ ತಾರ ಸಕ್ಕೆ ಎರಡು ಫ್ರೆಟ್ ಹಿಂದೆ ಹೋಗಲು ಹಲಗೆಯೇ ಇಲ್ಲ! ಒಂದು ಸ್ಥಾಯಿ ಮೇಲೆ 13, 13, 11ರಲ್ಲಿ ಹಿಡಿಯಬಹುದು, ಆದರೆ ಮಂದ್ರದ ಗಾಂಭೀರ್ಯ ಹೋಗುತ್ತದೆ. ನಾನಾಗಿದ್ದರೆ ಬೇಸ್ ಬದಿಯನ್ನು ಮಾತ್ರ ಪೂರ್ತಿಯಾಗಿ ಎರಡು ಮನೆ ಇಳಿಸುತ್ತಿದ್ದೆ: ಎ ಶಾರ್ಪ್, ಎಫ್, ಸಿ, ಜಿ, ಡಿ. ಆಗ ಸ ಮೂರನೆಯ ಫ್ರೆಟ್, ಪ ಪಕ್ಕದಲ್ಲಿ ಮೂರನೆಯದು, ತಾರ ಸ ಅದರಾಚೆ ಒಂದನೆಯದು. ಗೇಜ್ 40 ಇದ್ದಲ್ಲಿ 45 ಹಾಕಿದರೆ ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ಉಳಿದವಕ್ಕೂ ಅದೇ ಲೆಕ್ಕ. ಮೆಲಡಿ ಬದಿಯನ್ನು ಮುಟ್ಟಬೇಡಿ. ಅಲ್ಲಿ ಎಫ್ ಶಾರ್ಪ್ ತಂತಿಯ ಏಳನೆಯ ಫ್ರೆಟ್ ನಿಮ್ಮ ಸ.

ಮಾನ್ವಿ_ತಂತಿ

ಮೂರು ರಾತ್ರಿ ಹಿಡಿಯಿತು. ಅರೆಕಾಲು ಸುತ್ತಿನಂತೆ ಎರಡು ಸಲ ಸಡಿಲಿಸಿದ ಮೇಲೆ ಟಿಕೆಟ್ ಒಳಗೆ ಹೋಯಿತು, ಜರ್ರೆನ್ನುವುದು ನಿಂತಿತು. ಬಳಿಕ ದಪ್ಪ ತಂತಿ ಹಾಕಿ ಬೇಸ್ ಬದಿಯನ್ನು ಎರಡು ಮನೆ ಇಳಿಸಿದೆ. ನಿನ್ನೆ ಸಂಜೆ ಮಾವ ಎರಡು ಪದ ಹಾಡಿದರು. ಮುಗಿದ ಮೇಲೆ, "ಕೆಳಗಿನ ಷಡ್ಜ ನನ್ನ ಗಂಟಲನ್ನು ನುಂಗುತ್ತದೆ" ಎಂದರು. ಟೋನ್ ಗುಂಡಿ ತಿರುಗಿಸಿದರೆ ಧಾಟಿಯೂ ಮಂಕಾಗುತ್ತದೆ.

ಕೋಟೆ_ಕೆಳಗೆ (ಬಳ್ಳಾರಿ)

ನೀವು ಬಹುಶಃ ಮಾಮೂಲು ಗಿಟಾರ್ ಕೇಬಲ್ ಹಾಕಿದ್ದೀರಿ. ಸ್ಟಿಕ್‌ನಿಂದ ಎರಡು ಬದಿಯ ದನಿ ಬೇರೆ ಬೇರೆಯಾಗಿ ಹೊರಡುತ್ತದೆ. ಸ್ಟೀರಿಯೊ ಕೇಬಲ್ ತಂದು ಮಿಕ್ಸರ್‌ನ ಎರಡು ಚಾನೆಲ್‌ಗೆ ಕೊಡಿ, ಬೇಸ್ ಬದಿಯದನ್ನು ಮಾತ್ರ ಇಳಿಸಿ.