ಆಬ್ಜೆಕ್ಟ್ ಕ್ಲಾಸ್: ‘ವರ್ಗ’ ಅಂದರೆ ಸಾಕಾ, ‘ಬಗೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ ಮ್ಯಾಪ್ 3ಡಿ ಬಳಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ಆಬ್ಜೆಕ್ಟ್ ಕ್ಲಾಸ್’ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವ ಹತ್ತಿರ ಬಂದು ನಿಂತಿದ್ದೇನೆ.

ಇದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ರಸ್ತೆ, ನೀರಿನ ಕೊಳವೆ, ಜಮೀನಿನ ಗಡಿ, ನಕ್ಷೆಯಲ್ಲಿ ಎಲ್ಲವೂ ಬರೀ ಗೆರೆಗಳೇ. ‘ನೀರಿನ ಕೊಳವೆ’ ಅಂತ ಒಂದು ಕ್ಲಾಸ್ ಮೊದಲೇ ಮಾಡಿಟ್ಟರೆ, ಆ ಗೆರೆ ಯಾವ ಲೇಯರ್‌ನಲ್ಲಿ ಇರಬೇಕು, ಬಣ್ಣ ಯಾವುದು, ಅದರ ಜೊತೆ ಏನೇನು ಮಾಹಿತಿ ತುಂಬಬೇಕು, ಎಲ್ಲವೂ ಅಲ್ಲೇ ತೀರ್ಮಾನ ಆಗಿರುತ್ತದೆ. ಈ ವಿವರ ಇರುವುದು ನಕ್ಷೆಯ ಹೊರಗೆ, ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ. ಎಲ್ಲರೂ ಅದೇ ಫೈಲನ್ನು ಜೋಡಿಸಿಕೊಂಡರೆ, ಯಾರು ಬರೆದರೂ ಕೊಳವೆ ಒಂದೇ ಥರ ಬರುತ್ತದೆ.

ಅಂದರೆ ಲೇಯರ್ ಬೇರೆ, ಕ್ಲಾಸ್ ಬೇರೆ. ಲೇಯರ್‌ಗೆ ‘ಪದರ’ ಚೆನ್ನಾಗಿಯೇ ಹೊಂದುತ್ತದೆ. ಕ್ಲಾಸ್‌ಗೆ ಥಟ್ಟನೆ ಹೊಳೆಯುವುದು ‘ವರ್ಗ’. ಆದರೆ ಗಣಿತದ ವರ್ಗ, ವರ್ಗಮೂಲ ಈಗಾಗಲೇ ಇವೆ. ಕಚೇರಿಯಲ್ಲಿ ‘ವರ್ಗ ಆಯ್ತು’ ಅಂದರೆ ಗಂಟುಮೂಟೆ ಕಟ್ಟಬೇಕು ಅಂತ. ಸುಮ್ನೆ ‘ಗೆರೆಯನ್ನು ವರ್ಗ ಮಾಡಿ’ ಎಂದು ಬರೆದರೆ, ಓದಿದವರು ಅದನ್ನು ಬೇರೆ ಫೈಲಿಗೆ ಸಾಗಿಸಿಬಿಟ್ಟಾರು!

‘ಬಗೆ’ ನನಗೆ ಇಷ್ಟ. ಚಿಕ್ಕದು, ಎಲ್ಲರ ಬಾಯಲ್ಲೂ ಇದೆ. ಆದರೆ ತುಂಡುಗೆರೆ, ಚುಕ್ಕಿಗೆರೆ ಅನ್ನುವ ಲೈನ್‌ಟೈಪ್‌ಗೆ ‘ಗೆರೆಯ ಬಗೆ’ ಎಂದು ಆಗಲೇ ಬರೆದಿದ್ದೇನೆ. ಕ್ರಿಯಾಪದದ ಗೋಳು ಇನ್ನೂ ಜಾಸ್ತಿ. ‘ಬಗೆಗೊಳಿಸು’ ಕಿವಿಗೆ ಕೂರುವುದಿಲ್ಲ, ‘ಬಗೆಹರಿಸು’ ಬೇರೆಯದೇ ಕೆಲಸ. ‘ವರ್ಗಕ್ಕೆ ಸೇರಿಸು’ ಆದರೆ ಯಾರಿಗೂ ಗೊಂದಲ ಆಗದು. ‘ವರ್ಗೀಕರಿಸು’ಗಿಂತ ಹಗುರ ಕೂಡ. ಹಾಗಾಗಿ ನನ್ನ ಮನಸ್ಸು ‘ವರ್ಗ’ದ ಕಡೆಗೇ ವಾಲುತ್ತಿದೆ.

ಆಬ್ಜೆಕ್ಟ್‌ಗೆ ‘ವಸ್ತು’ ಸಾಕು ಅನಿಸುತ್ತದೆ. ಸ್ಟ್ಯಾಂಡರ್ಡ್‌ಗೆ ‘ಪ್ರಮಾಣಿತ’ ಬೇಡ, ಅದರಲ್ಲಿ ಪ್ರಮಾಣಪತ್ರದ ವಾಸನೆ ಇದೆ. ‘ಮಾನಕ’ ಇರಲಿ.

ಇನ್ನೊಂದು ತೊಡಕು. ಆರ್ಕ್‌ಜಿಐಎಸ್ ಅನ್ನುವ ಇನ್ನೊಂದು ನಕ್ಷೆ ತಂತ್ರಾಂಶದಲ್ಲಿ ‘ಫೀಚರ್ ಕ್ಲಾಸ್’ ಅಂತ ಇದೆ. ಅದು ಚುಕ್ಕಿ, ಗೆರೆ, ಬಹುಭುಜ ಹೀಗೆ ಒಂದೇ ಆಕಾರದ, ಒಂದೇ ಥರದ ಕಾಲಂಗಳಿರುವ ಅಂಶಗಳನ್ನು ಕೂಡಿಡುವ ಟೇಬಲ್. ನಮ್ಮದು ಗೆರೆಗೆ ಹಚ್ಚುವ ಗುರುತು. ಎರಡಕ್ಕೂ ಬರೀ ‘ವರ್ಗ’ ಅಂದರೆ ಎರಡೂ ತಂತ್ರಾಂಶ ಬಳಸುವವರು ಬಯ್ಯುತ್ತಾರೆ, ಅಲ್ವಾ? ‘ವಸ್ತುವರ್ಗ’, ‘ಅಂಶವರ್ಗ’ ಎಂದು ಬೇರೆ ಮಾಡಿದರೆ ಹೇಗೆ?

ನಿಜಕ್ಕೂ ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಯಾವ ಕ್ಲಾಸಿಗೂ ಸೇರಿಸದ ಗೆರೆಗೆ ‘ಅನ್‌ಕ್ಲಾಸಿಫೈಡ್’ ಅನ್ನುತ್ತಾರೆ. ಕ್ಲಾಸಿನ ಹೆಸರು ಅಂಟಿಕೊಂಡಿದೆ, ಆದರೆ ಜೋಡಿಸಿದ ಫೈಲಿನಲ್ಲಿ ಆ ಕ್ಲಾಸೇ ಇಲ್ಲ, ಅಂಥದ್ದು ‘ಅನ್‌ಡಿಫೈನ್ಡ್’. ಮೊದಲನೆಯದಕ್ಕೆ ‘ವರ್ಗ ಸೇರದ’ ಎಂದು ಬರೆದಿದ್ದೇನೆ. ಎರಡನೆಯದಕ್ಕೆ ‘ಅನಿರ್ದಿಷ್ಟ’ ತಪ್ಪಾಗುತ್ತದೆ, ಹೆಸರು ಇದ್ದೇ ಇದೆಯಲ್ಲ. ‘ವಿವರ ಸಿಗದ ವರ್ಗದ ವಸ್ತು’ ಮೆನುವಿನಲ್ಲಿ ಹಿಡಿಸುವುದಿಲ್ಲ. ಎರಡು ಪದದೊಳಗೆ ಮುಗಿಯುವಂಥದ್ದು ಯಾರಿಗಾದರೂ ಹೊಳೆದರೆ ತಿಳಿಸಿ.